ತೂಕಕ್ಕೆ ಸಿಕ್ಕುವ ತಂಪು

ಬಿಸಿಲೇರುತ್ತಿದ್ದಂತೆ ಊರೂರಿನ ಕಾರ್ ಎ.ಸಿ. ಅಂಗಡಿಗಳಲ್ಲಿ ಕೇಳುವ ಮಾತು ಒಂದೇ: ‘ಕೂಲಿಂಗ್ ಕಮ್ಮಿಯಾಗಿದೆ, ಗ್ಯಾಸ್ ತುಂಬಿಸಿ.’ ಪೆಟ್ರೋಲಿನಂತೆ ಈ ಗ್ಯಾಸೂ ಓಡಿದಷ್ಟು ಖರ್ಚಾಗುತ್ತದೆಂದು ನಂಬಿದವರು ಬಹಳ. ಅದು ಖರ್ಚಾಗುವ ವಸ್ತುವಲ್ಲ. ಕಂಪ್ರೆಸರ್ ಅದನ್ನು ಒತ್ತಿ ಕಳಿಸುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಬಿಸಿ ಕಳೆದುಕೊಂಡು ದ್ರವವಾಗುತ್ತದೆ. ಎಕ್ಸ್‌ಪಾನ್ಷನ್ ವಾಲ್ವಿನ ಕಿರುಗಂಡಿ ದಾಟಿ, ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನಲ್ಲಿ ಆವಿಯಾಗುತ್ತ ಒಳಗಿನ ಗಾಳಿಯ ಶಾಖ ಹೀರುತ್ತದೆ. ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ವರ್ಷಗಟ್ಟಲೆ ಸುತ್ತುವುದು ಅದೇ ಗ್ಯಾಸ್. ಕಡಿಮೆಯಾಗಿದ್ದರೆ ಎಲ್ಲಿಂದಲೋ ಹೊರಗೆ ಹೋಗಿದೆ. ಹಾಗಾಗಿ ಈ ಕಸುಬಿನ ಜಾಣ್ಮೆ ಇರುವುದು ತುಂಬುವುದರಲ್ಲಲ್ಲ, ಹೋದ ದಾರಿ ಹುಡುಕುವುದರಲ್ಲಿ.

ಬಲ್ಲ ಮೆಕ್ಯಾನಿಕ್ ಮೊದಲಿಗೆ ಗ್ಯಾಸಿನ ಮಾತನ್ನೇ ಎತ್ತುವುದಿಲ್ಲ. ಕ್ಯಾಬಿನ್ ಫಿಲ್ಟರಿನಲ್ಲಿ ಧೂಳು ಕಟ್ಟಿದೆಯೇ, ಕಂಡೆನ್ಸರಿನ ಸಂದುಗಳಲ್ಲಿ ಮಣ್ಣು ತುಂಬಿದೆಯೇ, ಫ್ಯಾನ್ ತಿರುಗುತ್ತಿದೆಯೇ ಎಂದು ನೋಡುತ್ತಾನೆ. ತಂಪು ಕುಂದಲು ಇವಿಷ್ಟೇ ಸಾಕು. ಆಮೇಲೆ ನೀಲಿ, ಕೆಂಪು ಗೇಜುಗಳನ್ನು ಜೋಡಿಸುತ್ತಾನೆ. ಆದರೆ ಗೇಜಿನ ಮುಳ್ಳು ಒತ್ತಡ ಹೇಳುತ್ತದೆ, ಪ್ರಮಾಣ ಹೇಳುವುದಿಲ್ಲ. ಇಂದು ರಸ್ತೆಯಲ್ಲಿರುವ ಬಹಳಷ್ಟು ಕಾರುಗಳಲ್ಲಿರುವುದು ಆರ್-134ಎ. 30 ಡಿಗ್ರಿ ಉಷ್ಣಾಂಶದಲ್ಲಿ ಎಂಜಿನ್ ಆಫ್ ಆಗಿ ತಣಿದ ಕಾರಿನಲ್ಲಿ ಅದರ ಒತ್ತಡ 100 ಪಿ.ಎಸ್.ಐ. ಆಸುಪಾಸು. ಒಳಗೆ 500 ಗ್ರಾಂ ಇರಲಿ, 300 ಗ್ರಾಂ ಇರಲಿ, ಸ್ವಲ್ಪ ದ್ರವ ಉಳಿದಿರುವ ತನಕ ಮುಳ್ಳು ಅಲ್ಲೇ ನಿಲ್ಲುತ್ತದೆ. ಎಂಜಿನ್ ಓಡುವಾಗಲಂತೂ ಹೊರಗಿನ ಸೆಖೆಗೆ ತಕ್ಕಂತೆ ಏರಿಳಿಯುತ್ತದೆ. ಆದ್ದರಿಂದ ಮುಳ್ಳು ನೋಡಿ ಅಂದಾಜಿನ ಮೇಲೆ ಗ್ಯಾಸ್ ಬಿಡುವುದು ತಪ್ಪು. ಹೆಚ್ಚಾದರೂ ಕೂಲಿಂಗ್ ಕುಸಿಯುತ್ತದೆ, ಕಂಪ್ರೆಸರಿಗೆ ಭಾರವಾಗುತ್ತದೆ.

ಗ್ಯಾಸ್ ಕಣ್ಣಿಗೆ ಕಾಣದು. ಆದರೆ ಕಂಪ್ರೆಸರಿನ ಆಯಿಲ್ ಅದರ ಜೊತೆಗೇ ಸುತ್ತುವುದರಿಂದ, ಸೋರುವ ಜಾಗದಲ್ಲಿ ಜಿಡ್ಡು ಒಸರಿ ಧೂಳು ಮೆತ್ತಿ ಕಪ್ಪು ಕಲೆಯಾಗುತ್ತದೆ. ಪಳಗಿದ ಕಣ್ಣು ಮೊದಲು ಹುಡುಕುವುದು ಅದನ್ನೇ. ಸಿಗದಿದ್ದರೆ ಉಳಿದ ಗ್ಯಾಸನ್ನು ಯಂತ್ರದಿಂದ ಹೊರತೆಗೆದು, ನೈಟ್ರೋಜನ್ ತುಂಬಿ, ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದನ್ನು ಕಾಯುತ್ತಾರೆ. ಟಯರಿಗೆ ಹಾಕುವ ಗಾಳಿ ಇಲ್ಲಿಗೆ ಬೇಡ. ಅದರ ತೇವ ಒಳಗೆ ಉಳಿದರೆ ವಾಲ್ವಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಆಯಿಲಿನೊಡನೆ ಸೇರಿ ಲೋಹ ತಿನ್ನುವ ಆಮ್ಲವಾಗುತ್ತದೆ. ಸೋರಿಕೆ ಸರಿಪಡಿಸಿದ ಮೇಲೆ ವ್ಯಾಕ್ಯೂಮ್ ಪಂಪನ್ನು ಅರ್ಧ ಗಂಟೆಯಾದರೂ ಓಡಿಸುವುದು ಇದಕ್ಕಾಗಿಯೇ: ನಿರ್ವಾತದಲ್ಲಿ ನೀರು ಬಿಸಿಯಿಲ್ಲದೆಯೇ ಕುದಿದು ಹೊರಬೀಳುತ್ತದೆ. ಕೊನೆಗೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ತುಂಬಬೇಕು.

ರಬ್ಬರ್ ಹೋಸುಗಳಿಂದ, ಸೀಲುಗಳಿಂದ ಅಷ್ಟಿಷ್ಟು ಗ್ಯಾಸ್ ಹೋಗುವುದು ಸಹಜವಲ್ಲವೇ ಎಂದು ಕೇಳಬಹುದು. ನಿಜ, ಹಲವು ವರ್ಷ ಓಡಿದ ಕಾರಿಗೆ ಒಮ್ಮೆ ತುಂಬಿಸಬೇಕಾಗಿ ಬಂದರೆ ತಕರಾರಿಲ್ಲ. ಕಳೆದ ಬೇಸಿಗೆಯಲ್ಲಿ ಹಾಕಿಸಿದ್ದು ಈ ಬೇಸಿಗೆಗೆ ಇಲ್ಲವೆಂದರೆ ಅದು ಸಹಜವಲ್ಲ, ತೂತು. ಸೋರಿಕೆ ಹುಡುಕುವ ಕೂಲಿ ದುಬಾರಿ ಎಂಬ ಮಾತಿನಲ್ಲೂ ಹುರುಳಿದೆ. ಆದರೆ ಗ್ಯಾಸಿನೊಡನೆ ಆಯಿಲ್ ಕೂಡ ಕಳೆಯುತ್ತ ಹೋದರೆ ಒಣಗಿ ಕೆಡುವುದು ಕಂಪ್ರೆಸರ್, ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ದುಬಾರಿಯಾದ ಭಾಗ. ಬಿಲ್ಲಿಗೆ ಬಾರದ ಲೆಕ್ಕವೂ ಒಂದಿದೆ. ಓಝೋನ್ ಪದರವನ್ನು ಕೊರೆಯುತ್ತಿದ್ದ ಆರ್-12 ಅನ್ನು 1987ರ ಮಾಂಟ್ರಿಯಲ್ ಒಪ್ಪಂದ ಹಿಂದೆ ಸರಿಸಿತು. ಅದರ ಜಾಗಕ್ಕೆ ಬಂದ 134ಎ ಓಝೋನಿಗೆ ಕೇಡು ಮಾಡದು, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಬಲಶಾಲಿ. ಅರ್ಧ ಕಿಲೋ ಗ್ಯಾಸ್ ಗಾಳಿಗೆ ಬಿಟ್ಟರೆ ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟ ಹಾಗೆ. ಗ್ಯಾಸನ್ನು ಹಿಡಿದಿಡುವ ರಿಕವರಿ ಯಂತ್ರ ಕೊಳ್ಳುವುದು ಸಣ್ಣ ಅಂಗಡಿಯವರಿಗೆ ಕಷ್ಟ. ಅದಕ್ಕೆ ನೆರವು ಬೇಕು. ತಕ್ಕಡಿಗೆ ಅಷ್ಟು ಬೆಲೆಯಿಲ್ಲ. ಎಷ್ಟು ಗ್ರಾಂ ಹಾಕಿದಿರಿ ಎಂದು ಗಿರಾಕಿಗಳು ಕೇಳತೊಡಗಿದರೆ ಅದಾದರೂ ಪ್ರತಿ ಅಂಗಡಿಗೂ ಬಂದೀತು.