ಬೇಸಿಗೆಯ ಹಗಲು ಶಿಬಿರಕ್ಕೆ ಮಗುವನ್ನು ಅಣಿಗೊಳಿಸುವುದು

ಮಾಧವರಂ ಕರ್ನೂಲು ಜಿಲ್ಲೆಯ ಮಂತ್ರಾಲಯ ಮಂಡಲಕ್ಕೆ ಸೇರಿದ, ತುಂಗಭದ್ರೆಯ ದಂಡೆಯ ಊರು. ಸೇತುವೆ ದಾಟಿದರೆ ರಾಯಚೂರು ಜಿಲ್ಲೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ವಿಭಜನೆಗೊಂಡು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಅಂದಿನಿಂದ ಈ ಸೀಮೆಯ ಕನ್ನಡ ಮಕ್ಕಳಿಗೆ ಮನೆಯಲ್ಲಿ ಒಂದು ನುಡಿ, ಕಚೇರಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಇನ್ನೊಂದು ನುಡಿ. ಬೇಸಿಗೆ ಶಿಬಿರವೂ ಈ ಎರಡನೆಯ ನುಡಿಯಲ್ಲೇ ನಡೆಯುವುದು ಹೆಚ್ಚು. ಆದಕಾರಣ ಇಲ್ಲಿನ ಮಗುವನ್ನು ಶಿಬಿರಕ್ಕೆ ಕಳುಹಿಸುವಾಗ ಚೀಲಕ್ಕಿಂತ ಮೊದಲು ಅಣಿಯಾಗಬೇಕಾದುದು ನಾಲಿಗೆ.

ಆಂಧ್ರ ಪ್ರದೇಶದ ಶಾಖಾ ಗ್ರಂಥಾಲಯಗಳಲ್ಲಿ ರಜೆಯ ದಿನಗಳಲ್ಲಿ ಮಕ್ಕಳಿಗಾಗಿ ‘ವೇಸವಿ ವಿಜ್ಞಾನ ಶಿಬಿರ’ಗಳು ನಡೆಯುತ್ತವೆ. ಹೆಸರಿನಲ್ಲೇ ಮೊದಲ ತೊಡಕು ಅಡಗಿದೆ. ಕನ್ನಡದಲ್ಲಿ ವಿಜ್ಞಾನವೆಂದರೆ ಪ್ರಯೋಗ, ಕಾಂತ, ಗಾಜಿನ ನಳಿಕೆ. ತೆಲುಗಿನಲ್ಲಿ ಅದೇ ಪದಕ್ಕೆ ಅರಿವು, ತಿಳಿವಳಿಕೆ ಎಂಬ ವಿಶಾಲವಾದ ಅರ್ಥವೇ ರೂಢಿಯಲ್ಲಿದೆ. ಅಲ್ಲಿ ನಡೆಯುವುದು ಮುಖ್ಯವಾಗಿ ಪುಸ್ತಕ ಓದು, ಕಥೆ, ಹಾಡು, ಚಿತ್ರ, ಆಟ. ‘ನಮ್ಮ ಹುಡುಗಿಗೆ ವಿಜ್ಞಾನ ಬಾರದು’ ಎಂದು ಹಿಂಜರಿಯುವ ತಂದೆತಾಯಿಗಳಿಗೆ ಶಿಕ್ಷಕರು ಇಷ್ಟನ್ನು ಬಿಡಿಸಿ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಈ ಸಿದ್ಧತೆಗೆ ಸಮಯ ಹೊಸದಾಗಿ ಹುಡುಕಬೇಕಾಗಿಲ್ಲ. ಸಾಮಾನ್ಯವಾಗಿ ಮಾರ್ಚ್ ಮಧ್ಯದಿಂದ ಶಾಲೆಗಳು ಅರ್ಧ ದಿನಕ್ಕೆ ಇಳಿಯುತ್ತವೆ. ಏಪ್ರಿಲ್ ಕೊನೆಯ ವಾರದಲ್ಲಿ ರಜೆ ಆರಂಭವಾಗುತ್ತದೆ. ಪರೀಕ್ಷೆ ಮುಗಿದ ಮೇಲಿನ ದಿನಗಳಲ್ಲಿ ನಿತ್ಯ ಇಪ್ಪತ್ತು ನಿಮಿಷ ದೊರೆತರೆ ಸಾಕು.

ಮೊದಲಿಗೆ ಕಲಿಸಬೇಕಾದುದು ವ್ಯಾಕರಣವಲ್ಲ, ಅಗತ್ಯದ ಮಾತು. ಹೊಸ ಜಾಗದಲ್ಲಿ ಮಗು ಅಳುವುದು ಮನೆಯ ನೆನಪಿನಿಂದ ಮಾತ್ರವಲ್ಲ. ಮೂತ್ರಕ್ಕೆ ಹೋಗಬೇಕೆಂದು ಕೇಳಲು ಬಾರದೆ ತಡೆದುಕೊಂಡು ಕುಳಿತ ಮಗುವೂ ಅಳುತ್ತದೆ. ‘ನಾಕು ನೀಳ್ಳು ಕಾವಾಲಿ’, ‘ಬಾತ್‌ರೂಮ್‌ಕಿ ವೆಳ್ಳಾಲಿ’, ‘ಕಡುಪು ನೊಪ್ಪಿಗಾ ಉಂದಿ’, ‘ತಲ ತಿರುಗುತೋಂದಿ’, ‘ಅರ್ಥಂ ಕಾಲೇದು, ಮಳ್ಳೀ ಚೆಪ್ಪಂಡಿ’ ಎಂಬ ಐದು ಮಾತುಗಳು ಬಾಯಿಗೆ ಬಂದರೆ ಆರೇಳು ವರ್ಷದ ಮಗು ಒಂದು ಹೊತ್ತನ್ನು ಧೈರ್ಯವಾಗಿ ಕಳೆಯಬಲ್ಲದು. ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಅರ್ಥವಾಗಲಿಲ್ಲವೆಂದು ಹೇಳುವುದು ತಪ್ಪಲ್ಲವೆಂಬುದನ್ನು ತರಗತಿಯಲ್ಲಿಯೇ ರೂಢಿಸಬೇಕು. ಒಬ್ಬರು ಶಿಬಿರದ ಟೀಚರಾಗಿ, ಇನ್ನೊಬ್ಬರು ಮಗುವಾಗಿ ಅಭಿನಯಿಸಿದರೆ ಮಕ್ಕಳು ನಗುತ್ತಲೇ ಕಲಿಯುತ್ತಾರೆ.

ಎರಡೂ ಭಾಷೆಗಳಲ್ಲಿ ಇದ್ದು ಅರ್ಥ ಬದಲಾಗುವ ಪದಗಳ ವಿಷಯದಲ್ಲಿ ಎಚ್ಚರ ಅಗತ್ಯ. ಅವುಗಳಲ್ಲಿ ಒಂದು ನಿಜಕ್ಕೂ ಅಪಾಯ ತರಬಲ್ಲದು. ಉತ್ತರದ ಕನ್ನಡದಲ್ಲಿ ‘ಅವ್ವ’ ಎಂದರೆ ತಾಯಿ. ರಾಯಲಸೀಮೆಯ ತೆಲುಗಿನಲ್ಲಿ ‘ಅವ್ವ’ ಎಂದರೆ ಅಜ್ಜಿ. ‘ನಮ್ಮವ್ವ ಕರಕೊಂಡು ಹೋಗಾಕ ಬರ್ತಾಳ’ ಎಂದು ಮಗು ಹೇಳಿದರೆ, ಶಿಬಿರದವರು ಮುದುಕಿಯೊಬ್ಬಳ ದಾರಿ ಕಾಯುತ್ತಾರೆ. ಬಂದ ಎಳೆಯ ಹೆಂಗಸನ್ನು ಸಂಶಯದಿಂದ ನೋಡುತ್ತಾರೆ. ಇದಕ್ಕಿಂತ ಕೆಟ್ಟದ್ದೆಂದರೆ, ಯಾವ ಮುದುಕಿ ಬಂದರೂ ಸರಿಯೆಂದು ಕಳುಹಿಸಿಬಿಡಬಹುದು. ಆದ್ದರಿಂದ ಕರೆದೊಯ್ಯುವವರ ಹೆಸರು, ಸಂಬಂಧ, ಫೋನ್ ಸಂಖ್ಯೆಗಳನ್ನು ತೆಲುಗಿನಲ್ಲಿ ಬರೆದ ಚೀಟಿಯನ್ನು ಮೊದಲ ದಿನವೇ ಶಿಬಿರದವರ ಕೈಗೆ ತಲುಪಿಸಬೇಕು. ತಾಯಿಗೆ ಬರೆಯಲು ಬಾರದಿದ್ದಲ್ಲಿ ಚೀಟಿಯನ್ನು ಶಿಕ್ಷಕರೇ ಬರೆದುಕೊಡುವುದು ಉಚಿತ. ಆ ಚೀಟಿ ಮಗುವಿನ ಕೊರಳಲ್ಲಿ ತೂಗಾಡುವುದು ಬೇಡ. ದಾರಿಹೋಕರಿಗೆಲ್ಲ ಅದು ಕಾಣಿಸಬೇಕಾದುದಲ್ಲ.

ಓದಿನ ವಿಷಯದಲ್ಲಿ ಕನ್ನಡ ಮಾಧ್ಯಮದ ಮಗು ತಾನು ಹಿಂದುಳಿದಿದ್ದೇನೆಂದು ಭಾವಿಸಬೇಕಾಗಿಲ್ಲ. ಎರಡೂ ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ತಲಕಟ್ಟು ಕನ್ನಡದಲ್ಲಿ ಅಡ್ಡಗೆರೆಯಂತೆ ಕೂರುತ್ತದೆ, ತೆಲುಗಿನಲ್ಲಿ ಟಿಕ್ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಕ, ತ, ಶ ಮೊದಲಾದ ಕೆಲವು ಅಕ್ಷರಗಳನ್ನು ಬೇರೆಯಾಗಿ ಗುರುತಿಸಿಕೊಂಡರೆ ಉಳಿದವು ಬೇಗನೆ ಕೈಗೆ ಬರುತ್ತವೆ. ಪದಗಳಲ್ಲಿಯೂ ಒಂದು ಕೀಲಿಕೈ ಇದೆ. ಹಳಗನ್ನಡದ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು. ತೆಲುಗು ಪಕಾರವನ್ನೇ ಉಳಿಸಿಕೊಂಡಿತು. ಹಾಲು–ಪಾಲು, ಹುಲಿ–ಪುಲಿ, ಹಾವು–ಪಾಮು, ಹೂವು–ಪುವ್ವು, ಹಣ್ಣು–ಪಂಡು. ಈ ಜೋಡಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಮುಂದಿನವನ್ನು ಮಕ್ಕಳೇ ಊಹಿಸುವಂತೆ ಬಿಡಬೇಕು. ಎಲ್ಲ ಊಹೆಯೂ ಸರಿಹೋಗದು, ಹೋಗಬೇಕಾಗಿಯೂ ಇಲ್ಲ. ತೆಲುಗು ಕಥೆಯಲ್ಲಿ ‘ಪುಲಿ’ ಬಂದಾಗ ಮಗುವಿನ ಕಣ್ಣು ಅರಳಿದರೆ ಪಾಠ ಫಲಿಸಿತು. ಹಳಗನ್ನಡ ಕಾವ್ಯವನ್ನು ಮುಂದೆ ಓದುವಾಗಲೂ ಇದೇ ಕೀಲಿಕೈ ಕೆಲಸಕ್ಕೆ ಬರುತ್ತದೆ.

ಆಟದ ಹೆಸರುಗಳನ್ನೂ ಹೀಗೆಯೇ ಜೋಡಿಸಬಹುದು. ಅಳಗುಳಿಮಣೆಯೇ ವಾಮನಗುಂಟಲು, ಕುಂಟೆಬಿಲ್ಲೆಯೇ ತೊಕ್ಕುಡುಬಿಳ್ಳ. ಆಟ ಗೊತ್ತಿದ್ದೂ ಹೆಸರು ಗೊತ್ತಿಲ್ಲದೆ ಮಗು ಮೂಲೆಗೆ ಸರಿಯುವುದನ್ನು ಇಷ್ಟರಿಂದಲೇ ತಪ್ಪಿಸಬಹುದು.

ಪಶ್ಚಿಮ ಕರ್ನೂಲಿನ ಅನೇಕ ಕುಟುಂಬಗಳು ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ಗುಂಟೂರಿನತ್ತ ಗುಳೆ ಹೋಗಿ ಬೇಸಿಗೆಯ ಹೊತ್ತಿಗೆ ಮರಳುತ್ತವೆ. ಜೊತೆಗೆ ಹೋದ ಮಕ್ಕಳು ಹಾಜರಿ ಪುಸ್ತಕದಲ್ಲಿ ಹಿಂದೆ ಬಿದ್ದಿರುತ್ತಾರೆ. ತೆಲುಗು ಮಾತಿನಲ್ಲಿ ಎಲ್ಲರಿಗಿಂತ ಮುಂದಿರುತ್ತಾರೆ. ಸಿದ್ಧತೆಯ ದಿನಗಳಲ್ಲಿ ಅವರನ್ನೇ ಗೆಳೆಯರಿಗೆ ಮಾತು ಕಲಿಸುವವರನ್ನಾಗಿ ಮಾಡಬೇಕು. ತಿಂಗಳುಗಟ್ಟಲೆ ಶಾಲೆ ತಪ್ಪಿದ ಹುಡುಗನಿಗೆ ತರಗತಿಯ ಮುಂದೆ ನಿಲ್ಲುವ ಇಂತಹ ಅವಕಾಶ ಬೇರೆ ಸಿಗುವುದು ವಿರಳ.

ಇನ್ನು ಬಿಸಿಲು. ಈ ಸೀಮೆಯಲ್ಲಿ ಮೇ ತಿಂಗಳ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಹತ್ತಿಯ ಸಡಿಲ ಉಡುಪು, ತಲೆಗೆ ಟವೆಲು ಅಥವಾ ಟೋಪಿ, ಕಾಲಿಗೆ ಚಪ್ಪಲಿ, ಹೆಸರು ಬರೆದ ನೀರಿನ ಬಾಟಲಿ ಇದ್ದರೆ ಸಾಕು; ಹೊಸ ಬ್ಯಾಗು ಬೇಕಾಗಿಲ್ಲ. 2024ರ ಬೇಸಿಗೆಯಲ್ಲಿ ರಾಜ್ಯದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಜಾರಿಗೆ ಬಂತು. ಶಿಬಿರದಲ್ಲಿ ಗಂಟೆ ಇರಲಾರದು; ಬಾಯಾರಿಕೆಗೆ ಕಾಯದೆ ಆಗಾಗ ಎರಡು ಗುಟುಕು ಕುಡಿಯುವ ಅಭ್ಯಾಸವನ್ನು ಮಗುವೇ ಒಯ್ಯಬೇಕು. ಭೇದಿಯಾದಾಗ ಓಆರ್‌ಎಸ್ ಪುಡಿ ಸಿಗದಿದ್ದರೆ, ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡುವುದನ್ನು ತಾಯಂದಿರಿಗೆ ಅಳತೆ ಮಾಡಿಯೇ ತೋರಿಸಬೇಕು. ಕೈಯಂದಾಜಿನಲ್ಲಿ ಉಪ್ಪು ಹೆಚ್ಚಾದರೆ ಕೇಡು. ಬಿಸಿಲಿನಲ್ಲಿ ಮಗುವಿನ ಮೈ ಕಾದು, ಮಾತು ತಡವರಿಸಿದರೆ ಕೂಡಲೆ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು.

ಹಸಿವಿನ ಮಾತನ್ನೂ ಮರೆಯಲಾಗದು. ಶಾಲೆಗೆ ರಜೆ ಬಂದರೆ ಮಧ್ಯಾಹ್ನದ ಊಟಕ್ಕೂ ಸಾಮಾನ್ಯವಾಗಿ ರಜೆ. ನಸುಕಿನಲ್ಲೇ ಕೂಲಿಗೆ ಹೊರಡುವ ಮನೆಗಳಿಂದ ಮಗು ಬರಿಹೊಟ್ಟೆಯಲ್ಲಿ ಶಿಬಿರಕ್ಕೆ ಬರುವ ಸಂಭವವಿದೆ. ಹಿಂದಿನ ರಾತ್ರಿಯೇ ರೊಟ್ಟಿ ತೆಗೆದಿಡುವುದು, ಬೆಳಿಗ್ಗೆ ಅಂಬಲಿ ಅಥವಾ ಮಜ್ಜಿಗೆ ಕೊಡುವುದು ಕಷ್ಟವಲ್ಲ. ಡಬ್ಬಿಗೆ ಮಂಡಕ್ಕಿಯೋ ಶೇಂಗಾ ಚಟ್ನಿಪುಡಿಯೊಡನೆ ರೊಟ್ಟಿಯೋ ಒಳ್ಳೆಯದು. ಕಲಸಿದ ಅನ್ನ ಸೆಕೆಗೆ ಹಳಸುತ್ತದೆ.

ಮಾಧವರಂನಂತಹ ಹೊಳೆದಂಡೆಯ ಊರುಗಳಲ್ಲಿ ಶಿಬಿರದಿಂದ ಮರಳುವ ದಾರಿಯೇ ದೊಡ್ಡ ಚಿಂತೆ. ಬೇಸಿಗೆಯ ತುಂಗಭದ್ರೆ ಸೊರಗಿ, ಮೊಣಕಾಲಿನ ಮಟ್ಟವೆಂಬಂತೆ ಕಾಣುತ್ತದೆ. ಬಂಡೆಗಳ ನಡುವಿನ ಮಡುವು, ಮರಳು ತೆಗೆದ ಗುಂಡಿಗಳು ಮೇಲಿನಿಂದ ತೋರುವುದಿಲ್ಲ. ಬೆವೆತ ಮಕ್ಕಳು ಗುಂಪಾಗಿ ನಡೆದರೆ ಒಬ್ಬನಾದರೂ ‘ಒಂದ್ ಮುಳುಗು ಹಾಕೋಣ’ ಎನ್ನುತ್ತಾನೆ. ‘ಹೊಳೆಗೆ ಹೋಗಬೇಡಿ’ ಎಂಬ ಬರಿಯ ಆಜ್ಞೆ ಇಲ್ಲಿ ಫಲಕಾರಿಯಲ್ಲ. ಹೊಳೆಯ ಕಡೆಗೆ ಹಾಯದ ದಾರಿಯನ್ನು ಶಿಕ್ಷಕರು ಮಕ್ಕಳೊಡನೆ ಒಮ್ಮೆ ನಡೆದು ಗೊತ್ತುಮಾಡಬೇಕು. ಪ್ರತಿ ಗುಂಪಿಗೆ ಹಿರಿಯ ವಿದ್ಯಾರ್ಥಿ ಅಥವಾ ಒಬ್ಬ ಪೋಷಕರು ಜೊತೆಯಾಗಬೇಕು. ಯಾರಾದರೂ ನೀರಿನಲ್ಲಿ ಸಿಲುಕಿದರೆ ತಾನೂ ಧುಮುಕದೆ ಕೂಗಿ ದೊಡ್ಡವರನ್ನು ಕರೆಯುವುದು, ಟವೆಲೋ ಕೋಲೋ ಚಾಚುವುದು ಎಂಬುದನ್ನು ಶಾಲೆಯ ಅಂಗಳದಲ್ಲಿಯೇ ಮಾಡಿ ತೋರಿಸಬೇಕು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಹೋಗುವುದು ಹೀಗೆಯೇ.

ಶಿಬಿರದಲ್ಲಿ ಮಗು ಕನ್ನಡವನ್ನು ಅಡಗಿಸಿಡಬೇಕಾಗಿಲ್ಲ. ಹೊರಡುವ ಮುನ್ನ ಪ್ರತಿಯೊಬ್ಬರೂ ಒಂದು ಕನ್ನಡ ಹಾಡನ್ನೋ ಒಗಟನ್ನೋ ಕಲಿತು ಹೋಗಲಿ. ಹಾಡಿಸುವ ಸರದಿ ಬಂದಾಗ ಅದು ಕೈಯಲ್ಲಿರುತ್ತದೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ವಾರ, ಶಿಬಿರಕ್ಕೆ ಹೋದ ಮಕ್ಕಳು ಅಲ್ಲಿ ತೆಲುಗಿನಲ್ಲಿ ಕೇಳಿದ ಕಥೆಯನ್ನು, ಹೋಗಲಾಗದವರಿಗೆ ಕನ್ನಡದಲ್ಲಿ ಹೇಳಲಿ. ಕೇಳಿದವರಲ್ಲೊಬ್ಬರು ಅದನ್ನು ತರಗತಿಯ ಕಥಾಪುಸ್ತಕದಲ್ಲಿ ಬರೆದಿಡಲಿ.