ಕಾಗದದ ಮೈಲೇಜು, ರಸ್ತೆಯ ಮೈಲೇಜು

ಪ್ರಶ್ನೆ: ಹಳೆಯ ಕಾರನ್ನು ಬಿಟ್ಟು ಸಣ್ಣ ಕಾರು ಕೊಳ್ಳುವಾಗ ಕಂಪನಿ ಹೇಳುವ ಮೈಲೇಜನ್ನು ಎಷ್ಟು ನಂಬಬಹುದು?

ಉತ್ತರ: ಭಾರತದಲ್ಲಿ ಮೈಲೇಜು, ಅಂದರೆ ಒಂದು ಲೀಟರ್ ಇಂಧನಕ್ಕೆ ಕಾರು ಕ್ರಮಿಸುವ ದೂರ, ಪುಣೆಯ ಎ.ಆರ್.ಎ.ಐ. ಮೊದಲಾದ ಪರೀಕ್ಷಾ ಸಂಸ್ಥೆಗಳಲ್ಲಿ ನಿರ್ಧಾರವಾಗುತ್ತದೆ. ಕಾರನ್ನು ರಸ್ತೆಗಿಳಿಸದೆ, ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗಂಟೆಗೆ 90 ಕಿ.ಮೀ. ಮೀರದ ನಿಗದಿತ ವೇಗಕ್ರಮದಲ್ಲಿ, ಎ.ಸಿ. ಹಾಕದೆ ಓಡಿಸಿ ಪಡೆದ ಅಂಕಿಯದು. ಬೆಂಗಳೂರಿನ ಸಿಗ್ನಲ್ಲುಗಳಾಗಲಿ, ಘಟ್ಟದ ಏರುಗಳಾಗಲಿ ಅದರಲ್ಲಿಲ್ಲ. ಪೆಟ್ರೋಲಿಗಿಂತ ಕಡಿಮೆ ಶಕ್ತಿಯುಳ್ಳ ಎಥನಾಲನ್ನು ಶೇ. 20ರಷ್ಟು ಬೆರೆಸಿದ ಇ20 ಇಂಧನವೂ ಮೈಲೇಜನ್ನು ಒಂದಿಷ್ಟು ತಗ್ಗಿಸುತ್ತದೆ. ಆದ್ದರಿಂದ ಆ ಅಂಕಿ ಎರಡು ಕಾರುಗಳನ್ನು ಹೋಲಿಸಲು ಉಪಯುಕ್ತವೇ ಹೊರತು ಮನೆಯ ಲೆಕ್ಕಕ್ಕಲ್ಲ.

ಮೈಲೇಜಿನ ಮೋಹವೂ ಅತಿಯಾಗಬಾರದು. ವರ್ಷಕ್ಕೆ 8,000 ಕಿ.ಮೀ. ಓಡಿಸುವವರಿಗೆ 16 ಕಿ.ಮೀ. ಕೊಡುವ ಕಾರಿಗೆ 500 ಲೀಟರ್, 20 ಕಿ.ಮೀ. ಕೊಡುವುದಕ್ಕೆ 400 ಲೀಟರ್ ಬೇಕು. ಲೀಟರಿಗೆ 100 ರೂಪಾಯಿಯಂತೆ ಉಳಿಯುವುದು 10,000 ರೂಪಾಯಿ ಮಾತ್ರವಾದುದರಿಂದ, ಅದಕ್ಕಾಗಿ ಒಂದು ಲಕ್ಷ ಹೆಚ್ಚು ತೆತ್ತರೆ ಹಣ ಮರಳಲು ಹತ್ತು ವರ್ಷ ಹಿಡಿಯುತ್ತದೆ. ಸಣ್ಣ ಊರಿನಲ್ಲಿರುವವರಿಗಂತೂ ಹತ್ತಿರದಲ್ಲೇ ಸರ್ವೀಸ್ ಕೇಂದ್ರವಿರುವುದು ಮತ್ತು ಬಿಡಿಭಾಗಗಳು ಸುಲಭವಾಗಿ ದೊರೆಯುವುದೇ ಹೆಚ್ಚಿನ ಲಾಭ.