ಚಳಿಯಲ್ಲಿ ‘ಠಕ್’ ಅಂದರೆ ಗೇರ್‌ಬಾಕ್ಸ್ ಕೆಟ್ಟಿದೆ ಎಂದಲ್ಲ

ಡಿಸೆಂಬರ್ ಬೆಳಿಗ್ಗೆ ಡರ್ಟ್ ಬೈಕ್ ಸ್ಟಾರ್ಟ್ ಮಾಡಿ ಕ್ಲಚ್ ಹಿಡಿದು ಫಸ್ಟ್ ಗೇರ್ ಹಾಕಿದರೆ ‘ಠಕ್’ ಎಂಬ ಸದ್ದಾಗುತ್ತದೆ, ಬೈಕ್ ಮುಂದಕ್ಕೆ ಜಗ್ಗುತ್ತದೆ. ನ್ಯೂಟ್ರಲ್ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅಷ್ಟಕ್ಕೇ ‘ಗೇರ್‌ಬಾಕ್ಸ್ ಹೋಯ್ತು, ಗಟ್ಟಿ ಆಯಿಲ್ ಹಾಕಿಸಿ’ ಎಂಬ ತೀರ್ಪು ಬಂದುಬಿಡುತ್ತದೆ. ಸಕಲೇಶಪುರದ ಮಣ್ಣುದಾರಿಗೆ ಹೊರಟವರಿಗೂ ಲಡಾಖ್‌ಗೆ ಹೊರಟವರಿಗೂ ಸಿಗುವ ಸಲಹೆ ಇದೇ. ತೊಂದರೆಗೆ ಕಾರಣವೇ ಆಯಿಲ್ ಗಟ್ಟಿಯಾಗಿರುವುದು. ಅದಕ್ಕೆ ಮದ್ದೆಂದು ಇನ್ನೂ ಗಟ್ಟಿ ಆಯಿಲ್ ಸುರಿಯಿರಿ ಅನ್ನುವುದನ್ನು ಕೇಳಿದರೆ ಸಿಟ್ಟು ಬರುತ್ತದೆ.

ಒಳಗೆ ನಡೆಯುವುದು ಇಷ್ಟು. ಈ ಬೈಕ್‌ಗಳ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಲಿವರ್ ಹಿಡಿದಾಗ ಅದರ ಪ್ಲೇಟ್‌ಗಳ ನಡುವೆ ಬಿಡುವ ಸಂದು ಮಿಲಿಮೀಟರಿನ ಒಂದಂಶ ಮಾತ್ರ. ತಣ್ಣಗಿರುವ ಆಯಿಲ್ ಆ ಸಂದಿನಲ್ಲಿ ಜೋನಿಬೆಲ್ಲದಂತೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಕ್ಲಚ್ ಹಿಡಿದಿದ್ದರೂ ಎಂಜಿನ್ ಗೇರ್‌ಬಾಕ್ಸಿನ ಮೊದಲ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತದೆ, ಹಿಂದಿನ ಚಕ್ರಕ್ಕೆ ಸೇರಿದ ಶಾಫ್ಟ್ ಮಾತ್ರ ನಿಂತಿರುತ್ತದೆ. ಕಾರಿನಲ್ಲಿರುವಂತೆ ಎರಡರ ವೇಗವನ್ನು ಸರಿದೂಗಿಸುವ ಸಿಂಕ್ರೊಮೆಶ್ ಇಲ್ಲಿಲ್ಲ. ಗೇರ್‌ಗಳ ಪಕ್ಕದಲ್ಲಿರುವ ಗೂಟದಂಥ ಹಲ್ಲುಗಳು ನೇರವಾಗಿ ಹೋಗಿ ಕಚ್ಚಿಕೊಳ್ಳುತ್ತವೆ. ಕೇಳಿಸುವ ಸದ್ದು ಅದರದ್ದು. ನ್ಯೂಟ್ರಲ್ ಸಿಗದಿರುವುದಕ್ಕೂ ಈ ಎಳೆತವೇ ಕಾರಣ. ಎಂಜಿನ್ ಆಫ್ ಮಾಡಿ ಬೈಕನ್ನು ತುಸು ಹಿಂದೆಮುಂದೆ ತಳ್ಳಿದರೆ ನ್ಯೂಟ್ರಲ್ ಸಲೀಸಾಗಿ ಬೀಳುತ್ತದೆ. ಹತ್ತು ಹದಿನೈದು ನಿಮಿಷ ಓಡಿಸಿದ ಮೇಲೆ ಜಗ್ಗುವುದು ನಿಂತು, ಸದ್ದೂ ಇಳಿಯುತ್ತದೆ. ಸವೆದ ಹಲ್ಲು ಬಿಸಿಗೆ ರಿಪೇರಿ ಆಗುವುದುಂಟೆ? ಎಂಜಿನ್ ಬಿಸಿಯಾದ ಮೇಲೂ ತೊಂದರೆ ಉಳಿದರೆ ಕ್ಲಚ್ ಕೇಬಲ್, ಪ್ಲೇಟ್ ನೋಡಿಸಬೇಕು. ಓಡಿಸುವಾಗ ಎಂಜಿನ್ ಮೇಲೆ ಭಾರ ಬಿದ್ದು ಗೇರ್ ತಾನೇ ಕಳಚಿಕೊಂಡರೆ ಆಗ ಗೇರ್‌ಬಾಕ್ಸನ್ನು ಅನುಮಾನಿಸಿ.

‘10ಡಬ್ಲ್ಯೂ-40 ಆಯಿಲ್ ಚಳಿಯಲ್ಲಿ ತೆಳು, ಬಿಸಿಯಲ್ಲಿ ಗಟ್ಟಿ, ಆದ್ದರಿಂದ ಚಳಿಯಲ್ಲಿ ಆಯಿಲ್ ದಪ್ಪಗಾಗುವ ಪ್ರಶ್ನೆಯೇ ಇಲ್ಲ’ ಎಂದು ವಾದಿಸುವವರಿದ್ದಾರೆ. ಡಬ್ಬಿಯ ಮೇಲಿನ ಎರಡು ಅಂಕಿಗಳನ್ನು ಒಂದೇ ಅಳತೆಗೋಲಿನವೆಂದು ಓದಿದ್ದರ ಫಲ ಇದು. 10ಡಬ್ಲ್ಯೂ ಎಂಬುದು ಮೈನಸ್ 25 ಡಿಗ್ರಿಯ ಪರೀಕ್ಷೆಯಲ್ಲಿ ಸ್ನಿಗ್ಧತೆ 7000 ಸೆಂಟಿಪಾಯ್ಸ್ ದಾಟಬಾರದೆಂಬ ಮಿತಿ. 40 ಎಂಬುದು 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ ಒಳಗಿರಬೇಕೆಂಬ ನಿಯಮ. ಬಿಸಿಯಾದಷ್ಟೂ ಎಲ್ಲ ಆಯಿಲ್ ತೆಳ್ಳಗಾಗುತ್ತದೆ. ಸಾಮಾನ್ಯ 10ಡಬ್ಲ್ಯೂ-40 ಆಯಿಲ್ 15 ಡಿಗ್ರಿಯಲ್ಲಿ, 100 ಡಿಗ್ರಿಯಲ್ಲಿರುವುದಕ್ಕಿಂತ 20 ಪಟ್ಟಿಗೂ ಹೆಚ್ಚು ದಪ್ಪಗಿರುತ್ತದೆ. ಹೀಗಾಗಿ ‘ನಮ್ಮ ಕಡೆ ಎಲ್ಲಿ ಅಂಥ ಚಳಿ’ ಎಂಬ ಮಾತೂ ನಿಲ್ಲುವುದಿಲ್ಲ. ಚಿಕ್ಕಮಗಳೂರಿನ ಒಂದು ಬೆಳಗು ಸಾಕು. 80ರ ಗೇರ್ ಆಯಿಲ್ 40ರ ಎಂಜಿನ್ ಆಯಿಲ್‌ಗಿಂತ ಎರಡು ಪಟ್ಟು ದಪ್ಪ ಎಂಬುದೂ ಸುಳ್ಳು. ಅವೆರಡರ ಅಳತೆಪಟ್ಟಿಗಳೇ ಬೇರೆ.

ಗಟ್ಟಿ ಆಯಿಲ್ ಹಾಕಿದ ಮೇಲೆ ಗೇರ್‌ಗಳ ಗೊರಗೊರ ಕಡಿಮೆಯಾಯಿತಲ್ಲ ಎಂದು ಕೇಳಬಹುದು. ಅದು ನಿಜ, ಗಟ್ಟಿ ಆಯಿಲ್ ಸದ್ದನ್ನು ತಗ್ಗಿಸುತ್ತದೆ. ಆದರೆ ಸದ್ದು ತಗ್ಗಿತೆಂದ ಮಾತ್ರಕ್ಕೆ ಸವೆತ ತಗ್ಗಿತೆಂದಲ್ಲ, ತಣ್ಣಗಿದ್ದಾಗ ಕ್ಲಚ್ಚಿನ ಎಳೆತವಂತೂ ಹೆಚ್ಚಾಗುತ್ತದೆ. ಓಡಿದಂತೆಲ್ಲ ಗೇರ್ ಹಲ್ಲುಗಳು ಆಯಿಲ್‌ನಲ್ಲಿರುವ ಪಾಲಿಮರ್‌ಗಳನ್ನು ಕತ್ತರಿಸಿ ಅದನ್ನು ತೆಳ್ಳಗಾಗಿಸುವುದೂ ಹೌದು. ಅದಕ್ಕೆ ಪರಿಹಾರ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವುದು, ಗ್ರೇಡ್ ಏರಿಸುವುದಲ್ಲ. ಎಕ್ಸ್‌ಪಲ್ಸ್ 200ಕ್ಕೆ ಹೀರೋ 10ಡಬ್ಲ್ಯೂ-30 ಹೇಳುತ್ತದೆ, 411 ಸಿಸಿ ಹಿಮಾಲಯನ್‌ಗೆ ರಾಯಲ್ ಎನ್‌ಫೀಲ್ಡ್ 15ಡಬ್ಲ್ಯೂ-50 ಹೇಳುತ್ತದೆ. ಒಂದೇ ದಾರಿಯಲ್ಲಿ ಓಡುವ ಈ ಎರಡಕ್ಕೂ ಬೇರೆ ಬೇರೆ ಗ್ರೇಡ್ ಇರುವುದು ಅವುಗಳ ಎಂಜಿನ್ ಬೇರೆ ಆಗಿರುವುದರಿಂದ. ಲಕ್ಷಗಟ್ಟಲೆ ಕೊಟ್ಟು ಬೈಕ್ ಕೊಂಡು, ಅದನ್ನು ಕಟ್ಟಿದವರು ಬರೆದದ್ದನ್ನು ಬದಿಗಿಟ್ಟು ವಾಟ್ಸಾಪಿನಲ್ಲಿ ಬಂದ ಮಾತು ನಂಬುವುದು ಬೇಸರದ ಸಂಗತಿ. ಔಷಧ, ಗೊಬ್ಬರ, ಆಹಾರದ ವಿಷಯದಲ್ಲೂ ನಾವು ಮಾಡುತ್ತಿರುವುದು ಇದನ್ನೇ: ಹೇಳಿದವನ ಧ್ವನಿ ಜೋರಾಗಿದ್ದರೆ ಸಾಕು, ಕಾರಣ ಕೇಳುವುದಿಲ್ಲ.

ಚಳಿಯಲ್ಲಿ ಸ್ಟಾರ್ಟ್ ಮಾಡುವ ಮೊದಲು ಬೈಕನ್ನು ಗೇರಿನಲ್ಲಿಟ್ಟು, ಕ್ಲಚ್ ಹಿಡಿದು ನಾಲ್ಕು ಸಲ ಹಿಂದೆಮುಂದೆ ತಳ್ಳಿ. ಅಂಟಿಕೊಂಡ ಪ್ಲೇಟ್‌ಗಳು ಬಿಡಿಸಿಕೊಳ್ಳುತ್ತವೆ. ಮೊದಲ ಕೆಲವು ಕಿಲೋಮೀಟರ್ ಹಗುರವಾಗಿ ಓಡಿಸಿ. ಆಯಿಲ್ ಕೊಳ್ಳುವಾಗ ಮ್ಯಾನುಯಲ್ ತೆಗೆದು ಅದರಲ್ಲಿರುವ ಗ್ರೇಡನ್ನೇ ಕೇಳಿ, ಡಬ್ಬಿಯ ಮೇಲೆ ಇಂಥ ಮುಳುಗಿದ ಕ್ಲಚ್‌ಗೆ ಹೊಂದುವ ಆಯಿಲ್‌ನ ಗುರುತಾದ ಜಾಸೊ ಎಂಎ ಅಥವಾ ಎಂಎ2 ಎಂದಿದೆಯೇ ನೋಡಿಕೊಳ್ಳಿ.